ಬಾಯಿ ತೆರೆದ ಕಾರು

ಹಲ್ಲಿನ ಡಾಕ್ಟರರ ಉದ್ದನೆಯ ಐಷಾರಾಮಿ ಕಾರಿಗೆ ಮೂತಿಯ ತುಂಬ ತೆರೆದ ಬಾಯಿಯಂಥ ದೊಡ್ಡ ಜಾಲರಿ. ಬೀದಿಗೆಲ್ಲ ಅದೇ ನಗೆಯ ವಸ್ತು. "ಏನ್ ಡಾಕ್ಟ್ರೇ, ಇದಕ್ಕೂ 'ಆ ಅನ್ನು' ಅಂದ್ರಾ?" ಎಂದು ಎದುರುಮನೆಯವರು ಕೆಣಕಿದರೆ, "ಮೊದ್ಲು ಎಂಜಿನ್ ಶಬ್ದ ಕೇಳಿ ಸ್ವಾಮಿ, ಆಮೇಲೆ ಮಾತಾಡಿ" ಎಂದು ಬೀಗುತ್ತಾರೆ. ಹುಲಿಯಂತೆ ಗುಡುಗುವ ಆ ಗಾಡಿಯನ್ನು ಅವರು ಮಾತ್ರ ಮಲಗಿದ ಕೂಸನ್ನು ಎತ್ತಿಕೊಂಡವರಂತೆ ಮೆಲ್ಲಗೆ ನಡೆಸುತ್ತಾರೆ. ಸೈಕಲ್ಲಿನವರೂ ಗಂಟೆ ಬಾರಿಸಿ ಮುಂದೆ ಹೋಗುತ್ತಾರೆ. "ಈ ವಿಕಾರಾನ ಮಾರಿ, ಲಕ್ಷಣವಾಗಿರೋದನ್ನ ತನ್ನಿ" ಎಂದು ಹೆಂಡತಿ ದಿನವೂ ಗೊಣಗಿದರೂ ಡಾಕ್ಟರು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಕಣ್ಣು ಮಂಜಾಗುತ್ತಿದ್ದರೂ ಯಾರ ಕೈಯನ್ನೂ ಹಿಡಿಯಲೊಲ್ಲದ ಅವರ ಅಕ್ಕ, ಸಂಜೆ ಸಂಗೀತದ ಪಾಠ ಮುಗಿಸಿ ಹೊರಬಂದು, ಸಾಲಾಗಿ ನಿಂತ ಕಾರುಗಳ ನಡುವೆ ತಡವರಿಸದೆ ನೇರವಾಗಿ ಇದರ ಬಳಿಗೇ ಬರುತ್ತಾಳೆ: "ನಿನ್ನ ಹಳೇ ಕಾರು ಚೆನ್ನಾಗಿತ್ತು ಕಣೋ, ನಂಗೆ ಕಾಣ್ತಿರ್ಲಿಲ್ಲ ಅಷ್ಟೇ."