ಮೈಕಮ್ಮನ ಮೆಲುದನಿ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಮೈಕಮ್ಮ. ಅವಳು ಮನೆಯೊಳಗೆ ಉಪ್ಪು ಕೇಳಿದರೆ ಎದುರುಮನೆಯವರು ತಂದುಕೊಡಬೇಕು, ಅಂಥ ಗಂಟಲು. ಚಿಕ್ಕ ವಯಸ್ಸಿಗೇ ಮಗ್ಗದ ಶೆಡ್ಡು ಸೇರಿದವಳು ಇವತ್ತಿಗೂ ಅಲ್ಲೇ ನೇಯುತ್ತಾಳೆ. ಸೊಂಟ ಸವೆದಿದೆ, ಕಿವಿ ಅರ್ಧ ಹೋಗಿದೆ, ಗಂಟಲು ಮಾತ್ರ ಗಟ್ಟಿಮುಟ್ಟು.

ಅವಳಿಗೆ ಊಟದ ಡಬ್ಬಿ ಕೊಡಲು ನಾನು ಆ ಶೆಡ್ಡಿಗೆ ಹೋಗುತ್ತಿದ್ದೆ. ಕರೆಂಟಿನ ಮಗ್ಗಗಳು ಒಟ್ಟಿಗೆ ಬಡಿಯುವಾಗ ನಮ್ಮ ಮಾತು ನಮಗೇ ಕೇಳದು. ಅಲ್ಲಿಯವರು ಕಿವಿಯಿಂದ ಕೇಳುವುದು ಅರ್ಧ, ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಾರೆ. ಉದ್ದ ಮಾತಾಡಿದರೆ ನಡುವಿನದ್ದು ಸದ್ದಿನ ಪಾಲು; ಹಾಗಾಗಿ ಒಂದೇ ಪದ, ಎರಡು ಸಲ. "ಎಳೆ! ಎಳೆ!" ಅಂದರೆ ನಿನ್ನ ಮಗ್ಗದಲ್ಲಿ ದಾರ ಕಡಿದಿದೆ, ನೋಡಿಕೋ ತಾಯಿ ಎಂದರ್ಥ. ಎಲ್ಲರೂ ಕಿರುಚುವ ಕಡೆ ಕಿರುಚುವುದನ್ನು ಯಾರೂ ಕೋಪ ಎಂದುಕೊಳ್ಳುವುದಿಲ್ಲ. ಕೋಪವೋ ಪ್ರೀತಿಯೋ ಎಂಬುದನ್ನು ಹುಬ್ಬು ಹೇಳಬೇಕು, ಕಣ್ಣು ಹೇಳಬೇಕು. ಪಕ್ಕದವಳು ಬಗ್ಗಿ ಕೆಲಸ ಮಾಡುತ್ತಿದ್ದರೆ ಗದ್ದ ಹಿಡಿದು ಮುಖ ತಿರುಗಿಸಿಕೊಂಡೇ ಮಾತು ಶುರು.

ಇದನ್ನೆಲ್ಲ ದೊಡ್ಡಮ್ಮ ಇದ್ದಹಾಗೇ ಮನೆಗೂ ತಂದಳು. ಮಗನಿಗೆ ಅದೇ ಜೋಗುಳವಾಗಿತ್ತು. ಸೊಸೆ ಬಂದಳು ನೋಡಿ, ಫಜೀತಿ ಶುರುವಾಯಿತು. ಅವಳು ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿದ್ದವಳು. ಬಂದ ಮರುದಿನವೇ, ಒಲೆಯ ಮುಂದೆ ನಿಂತಿದ್ದವಳ ಗದ್ದ ಹಿಡಿದು ತಿರುಗಿಸಿ, "ತಿಂಡಿ! ತಿಂಡಿ!" ಎಂದಳು ದೊಡ್ಡಮ್ಮ. ಮೊದಲು ನೀನು ತಿನ್ನಮ್ಮ ಎಂಬ ಅಕ್ಕರೆ ಅದು. ಸೊಸೆ ಬಚ್ಚಲಿಗೆ ಹೋಗಿ ಅತ್ತಳು.

"ಅತ್ತೆ ಬಾಯಿ ತೆಗೆದ್ರೆ ಎದೆ ಧಸಕ್ ಅನ್ನುತ್ತೆ ಅಕ್ಕಾ," ಎಂದಳು ನನ್ನ ಹತ್ತಿರ. "ದಿನಾ ಬೈಸ್ಕೊಂಡು ಇರೋಕಾಗಲ್ಲ. ಬೇರೆ ಮನೆ ಮಾಡ್ತೀವಿ."

"ಅದು ಬೈಗುಳ ಅಲ್ಲ ಕಣೇ. ಅವಳ ಮುಖ ನೋಡು, ಗೊತ್ತಾಗುತ್ತೆ."

"ಆ ಗಂಟಲು ಕೇಳಿದ ಮೇಲೆ ತಲೆ ಎತ್ತೋಕೇ ಧೈರ್ಯ ಬರಲ್ಲ."

ಬೇರೆ ಮನೆ ಎಂದದ್ದೇ ತಡ, ದೊಡ್ಡಮ್ಮ ಕಂಗಾಲಾದಳು. ಆ ಮನೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಆ ಹುಡುಗಿಯೇ. ಅಂದಿನಿಂದ ಮೆಲ್ಲಗೆ ಮಾತಾಡುವುದನ್ನು ಕಲಿಯತೊಡಗಿದಳು. ತನ್ನ ಮೆಲುದನಿ ತನಗೇ ಕೇಳದ್ದರಿಂದ ಗಂಟಲ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳುವಳು: "ಬಂತಾ? ಬಂತಾ?" ಎಷ್ಟೋ ಸಲ ಬರೀ ತುಟಿ ಅಲ್ಲಾಡುತ್ತಿತ್ತು. ಸೊಸೆಗೆ ಈಗ ಹೊಸ ಸಂಕಟ. "ಅತ್ತೆ ಮುನಿಸ್ಕೊಂಡಿದ್ದಾರೆ, ಮಾತೇ ಬಿಟ್ಟಿದ್ದಾರೆ." ಇಬ್ಬರ ನಡುವೆ ಓಡಾಡಿ ನನಗೂ ಸಾಕುಸಾಕಾಯಿತು. ಹೇಳುವವರು ಎಷ್ಟು ಹೇಳಿಯಾರು?

ಕೊನೆಗೆ ಟೆಂಪೋ ಬಂತು. ಮಗ ಬೀರುವಿಗೂ ಹಾಸಿಗೆಗೂ ಹಗ್ಗ ಬಿಗಿದ. ಡ್ರೈವರ್ ಎಂಜಿನ್ ಆರಿಸಲೂ ಇಲ್ಲ, ಗಡಗಡ ಅನ್ನುತ್ತಲೇ ಇತ್ತು. ಸೊಸೆ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ದೊಡ್ಡಮ್ಮ ಕಿಟಕಿ ಹಿಡಿದು ನಿಂತಳು. ಪಕ್ಕದಲ್ಲೇ ಇದ್ದ ನನಗೂ ಅವಳ ತುಟಿ ನೋಡಿಯೇ ತಿಳಿದದ್ದು: "ಹೋಗ್ಬೇಡ ಕಂದಾ."

ಟೆಂಪೋ ಹೊರಟಿತು. ನನಗೆ ತಡೆಯಲಾಗಲಿಲ್ಲ. "ಇವತ್ತಾದ್ರೂ ಕೂಗಬಾರ್ದಿತ್ತಾ ದೊಡ್ಡಮ್ಮಾ? ಆ ಸದ್ದಲ್ಲಿ ಯಾರಿಗೆ ಕೇಳುತ್ತೆ?" ಎಂದು ರೇಗಿದೆ.

"ಕೂಗಿದ್ರೆ, ಹೋಗೋ ಹೊತ್ತಲ್ಲೂ ಬೈದ್ಲು ಅಂದ್ಕೊಳ್ತಿದ್ಲು," ಎಂದಳು, ಮೆಲ್ಲಗೆ.