ಮುಷ್ಟಿಯೊಳಗಿನ ಮಂಡಾಳು

ನಮ್ಮ ಡ್ರಿಲ್ ಸರ್ ಅವರ ಪ್ಯಾಂಟಿನ ಎಡಜೇಬು ಯಾವಾಗಲೂ ಉಬ್ಬಿರುತ್ತಿತ್ತು. ಅವರು ನಡೆದರೆ ಅದರೊಳಗಿಂದ ಸಣ್ಣಗೆ ಸರಬರ ಸದ್ದು ಬರುತ್ತಿತ್ತು. ಹೊಸದಾಗಿ ಹೈಸ್ಕೂಲು ಸೇರಿದವರು ಒಳಗೇನೋ ಔಷಧಿಯ ಪೊಟ್ಟಣ ಇದೆ ಎಂದುಕೊಳ್ಳುತ್ತಿದ್ದರು. ಇದ್ದದ್ದು ಮಂಡಾಳು. ಬೇರೆ ಕಡೆ ಮಂಡಕ್ಕಿ ಎನ್ನುತ್ತಾರಲ್ಲ, ಅದೇ. ಬೆಳಿಗ್ಗೆ ಒಗ್ಗರಣೆ ಹಾಕಿ ಮಿರ್ಚಿಯ ಜೊತೆ ತಿನ್ನಲು ನಮ್ಮ ಕಡೆ ಮನೆಮನೆಯಲ್ಲೂ ಡಬ್ಬಿ ತುಂಬ ಇರುವಂಥದ್ದು. ಬೇರೆ ಶಾಲೆಯ ಡ್ರಿಲ್ ಮಾಸ್ತರರು ಕೊರಳಿಗೆ ಸೀಟಿ ಹಾಕಿಕೊಂಡು ಬಂದರೆ ನಮ್ಮವರು ಜೇಬಿಗೆ ಮಂಡಾಳು ತುಂಬಿಕೊಂಡು ಬರುತ್ತಿದ್ದರು.

ಅವರಿಗೆ ಸೀಟಿ ಬೇಕಾಗಿಯೂ ಇರಲಿಲ್ಲ. ಅಂಥ ಗಂಟಲು ಅವರದು. ಎಮ್ಮಿಗನೂರಿನ ಕಾಲುವೆ ದಂಡೆಯ ಮೇಲೆ ನಿಂತು ಅವರು ಒಮ್ಮೆ ಕೂಗಿದರೆ, ಆಚೆ ಗದ್ದೆಯಲ್ಲಿ ಭತ್ತದ ನಾಟಿ ಮಾಡುತ್ತಿದ್ದ ಹೆಂಗಸರು ತಮ್ಮನ್ನೇ ಕರೆದರೇನೋ ಎಂದು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಅವರಲ್ಲಿ ನನ್ನ ಅವ್ವನೂ ಇರುತ್ತಿದ್ದಳು. "ನಿಮ್ಮ ಸರ್‌ನ ಬಾಯಿಗೆ ನಮ್ಮ ನಾಟಿ ಸಾಲು ಸೊಟ್ಟ ಆಗ್ತೈತೆ" ಎಂದು ಮನೆಗೆ ಬಂದು ಬೈಯುತ್ತಿದ್ದಳು.

ಮಂಡಾಳು ನಮ್ಮ ಮುಷ್ಟಿಗೆ. ಓಟ ಶುರುವಾಗುವ ಮೊದಲು ಪ್ರತಿಯೊಬ್ಬರ ಎರಡೂ ಅಂಗೈಗೆ ಚಿಟಿಕೆ ಚಿಟಿಕೆ ಹಾಕುತ್ತಿದ್ದರು. ಮುಷ್ಟಿ ಕಟ್ಟಿಕೊಂಡು ಓಡಬೇಕು, ಮಂಡಾಳು ಬೀಳಬಾರದು, ಮುರಿಯಲೂಬಾರದು. ಓಡಿ ಬಂದ ಮೇಲೆ ಸಾಲಾಗಿ ನಿಂತು ಕೈ ಬಿಚ್ಚಿ ತೋರಿಸಬೇಕು. ಇಡಿಯಾಗಿ ಉಳಿದಿದ್ದರೆ ತಿನ್ನಬಹುದು. "ಬೆವರಿನ ಉಪ್ಪು ಹತ್ತೈತಿ, ಬ್ಯಾರೆ ಉಪ್ಪು ಬ್ಯಾಡ" ಎನ್ನುತ್ತಿದ್ದರು. ಪುಡಿಯಾಗಿದ್ದರೆ ಮಾತ್ರ ಬೈಗುಳ. "ನಿನ್ನ ಜೋರೆಲ್ಲಾ ಕೈಯಾಗ ಹೋತಲ್ಲಲೇ, ಇನ್ನ ಕಾಲಿಗೇನು ಉಳೀತು?" ನೂರು ಮೀಟರ್ ಓಡುವ ಹುಡುಗರು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿಕೊಂಡು ಓಡುವವರು. ತಿಂಗಳುಗಟ್ಟಲೆ ಅವರ ಕೈಯಲ್ಲಿ ಬರೀ ಹಿಟ್ಟು. ಕೈ ಸಡಿಲವಾದರೆ ಭುಜ ಸಡಿಲ, ಭುಜ ಸಡಿಲವಾದರೆ ಹೆಜ್ಜೆ ತಾನಾಗಿ ಉದ್ದ ಎಂಬುದು ಸರ್ ಅವರ ಇಡೀ ವಿದ್ಯೆಯ ಬೇರು.

ಉಳಿದ ಪಾಠಗಳೂ ಹೀಗೆಯೇ ಮನೆಮಾತಿನಲ್ಲಿ ಬರುತ್ತಿದ್ದವು. ವಾರದ ಹೆಚ್ಚಿನ ದಿನಗಳಲ್ಲಿ ನಾವು ಹರಟೆ ಹೊಡೆಯುತ್ತ ಓಡಬೇಕಿತ್ತು. "ಮಾತು ನಿಂತ್ರ ಜೋರಾತಂತ ತಿಳೀರಿ" ಎನ್ನುತ್ತಿದ್ದರು. ಜೋರು ಓಟದ ದಿನವೇ ಬೇರೆ, ಅದರ ಮರುದಿನ ಕಡ್ಡಾಯ ಬಿಡುವು. ಯಾರಾದರೂ ಹುಮ್ಮಸ್ಸಿನಿಂದ ಬಿಡುವಿನ ದಿನವೂ ಓಡುತ್ತೇನೆಂದರೆ, "ಬೇಯೋತನ ಕಾದಿ, ಆರೋತನ ಕಾಯಾಕ ಆಗಲ್ಲೇನು?" ಎಂದು ಮನೆಗೆ ಅಟ್ಟುತ್ತಿದ್ದರು. ಚಳಿಗಾಲದಲ್ಲಿ ಸಂಡೂರಿಗೆ ಕರೆದುಕೊಂಡು ಹೋಗಿ ಗುಡ್ಡದ ಏರು ಓಡಿಸುತ್ತಿದ್ದರು, ಇಳಿಜಾರು ನಡೆಸುತ್ತಿದ್ದರು. ಕೆಂಪು ಧೂಳು ಮೆತ್ತಿದ ಕಾಲುಚೀಲ ಒಗೆದು ಒಗೆದು ನಮ್ಮ ಅವ್ವಂದಿರು ಸರ್‌ಗೆ ಶಾಪ ಹಾಕುತ್ತಿದ್ದರು.

ನನ್ನದು ಎಂಟುನೂರು ಮೀಟರ್, ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲೇ ಉಸಿರೆಲ್ಲ ಖಾಲಿ ಮಾಡಿಕೊಳ್ಳುವುದು ಆ ಓಟದವರಿಗೆಲ್ಲ ಅಂಟುವ ಜಾಡ್ಯ. ಹುಡುಗರಿಗೆ ಅವರು, "ದರೋಜಿ ಕರಡಿ ಬೆನ್ನ ಹತ್ತಿದಂಗ ಯಾಕ ಓಡ್ತೀರಲೇ?" ಎನ್ನುತ್ತಿದ್ದರು. ಹುಡುಗಿಯರಾದ ನಮಗೆ ಹೇಳುತ್ತಿದ್ದದ್ದು ಬೇರೆ. "ನೋಡ್ರವ್ವಾ, ಮೊದಲ್ನೇ ಸುತ್ತು ಗಂಡನ ಮನಿಗೆ ಹೋದಂಗ ಹೋಗ್ರಿ. ಎರಡ್ನೇದು ತವರಮನಿಗೆ ಬಂದಂಗ ಬರ್ರಿ." ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಆದರೆ ತವರಿನ ಕಡೆ ಯಾವಾಗ ತಿರುಗಬೇಕೆಂಬುದು ನಮ್ಮ ಕೈಯಲ್ಲಿರಲಿಲ್ಲ. ಕೊನೆಯ ತಿರುವಿನಲ್ಲಿ ಅವರು ನಿಂತಿರುತ್ತಿದ್ದರು. ಅಲ್ಲಿಯವರೆಗೆ ಒಂದು ಮಾತಿಲ್ಲ. ನಾವು ಹತ್ತಿರ ಬಂದಾಗ ಒಂದೇ ಕೂಗು: "ಈಗ!" ಆ ಪದ ಕಿವಿಗೆ ಬಿದ್ದದ್ದೇ ಕಾಲಿಗೆ ಎಲ್ಲಿಂದಲೋ ಬಲ ಬರುತ್ತಿತ್ತು.

ಒಂದು ದಿನ ಓಡುತ್ತಲೇ ಮನೆ ಮುಂದಿನ ದಾರಿಗೆ ಬಂದೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ, ನನ್ನ ಮುಷ್ಟಿಯಿಂದ ಮಂಡಾಳು ಉದುರಿದ್ದನ್ನು ಕಂಡು ಹೌಹಾರಿದಳು. "ದಾರಿಗೆ ಮಂಡಾಳು ಚೆಲ್ತಾರೇನ ಹುಚ್ಚಿ? ಹೆಣದ ಮುಂದ ಚೆಲ್ಲೋದು ಅದು!" ಮರುದಿನ ಸರ್‌ಗೆ ಹೇಳಿದೆ. ಅವರು ಗದ್ದೆಯ ಹೆಂಗಸರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. "ನಿಮ್ಮಜ್ಜಿ ಹೇಳಿದ್ದು ಖರೆ ಐತಿ. ಚೆಲ್ಲಬ್ಯಾಡ, ಗಟ್ಟಿ ಹಿಡೀಲೂಬ್ಯಾಡ."

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಅವರ ಧ್ವನಿ ಒಡೆಯತೊಡಗಿತು. ಮೊದಮೊದಲು ನಾವು ಅವರಂತೆಯೇ ಕರಕರ ಮಾತಾಡಿ ಅಣಕಿಸಿದೆವು, ಅವರೂ ನಕ್ಕರು. ಆಮೇಲೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕತ್ತರಿ ಹಾಕಿದರು. ತಿಂಗಳುಗಳ ನಂತರ ಕೊರಳಿಗೆ ಬಿಳಿ ವಸ್ತ್ರ ಸುತ್ತಿಕೊಂಡು ಮೈದಾನಕ್ಕೆ ಬಂದಾಗ ಅವರ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಕಿವಿ ತಂದು ತುಟಿಯ ಹತ್ತಿರ ಇಟ್ಟರೆ ಮಾತ್ರ ಮಾತು. ಜೇಬು ಮಾತ್ರ ಎಂದಿನಂತೆ ಉಬ್ಬಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ಆಗ ಹೊಸಪೇಟೆಯ ಕ್ರೀಡಾಕೂಟ ಎದುರಿಗಿತ್ತು. ಅಲ್ಲಿ ಮೊದಲ ಇಬ್ಬರಲ್ಲಿ ಬಂದರೆ ನನಗೆ ಕ್ರೀಡಾ ಹಾಸ್ಟೆಲಿನ ಸೀಟು, ಮುಂದಿನ ಓದು. ಇಲ್ಲದಿದ್ದರೆ ಹತ್ತಕ್ಕೇ ಶಾಲೆ ಮುಗಿಯಿತು, ಅವ್ವನ ಪಕ್ಕದಲ್ಲಿ ನಾಟಿಗೆ ನಿಲ್ಲುವುದು. ಅಭ್ಯಾಸದಲ್ಲಿ ನಾನು ದಿನವೂ ಎಡವುತ್ತಿದ್ದೆ. ಕೂಗು ಇಲ್ಲದೆ ಒಮ್ಮೆ ಬೇಗ ಕಾಲನ್ನು ಜೋರಿಗೆ ಬಿಟ್ಟು ಗೆರೆಯ ಹತ್ತಿರ ಕುಸಿಯುತ್ತಿದ್ದೆ, ಇನ್ನೊಮ್ಮೆ ಕಾಯುತ್ತ ಕಾಯುತ್ತ ಓಟವೇ ಮುಗಿದುಹೋಗುತ್ತಿತ್ತು.

"ನೀವು ಕರೀಲಿಲ್ಲಂದ್ರ ನಾ ಯಾವಾಗ ಬಿಡ್ಲಿ ಸರ್?" ಎಂದು ಕೇಳಿದೆ.

"ನಿನಗಽ ಗೊತ್ತಾಗ್ತೈತಿ" ಎಂದು ಪಿಸುಗುಟ್ಟಿದರು.

"ಗೊತ್ತಾಗಲ್ರಿ ಸರ್!"

ಸದ್ದಿಲ್ಲದೆ ನಕ್ಕು ನನ್ನ ಅಂಗೈಗೆ ಮಂಡಾಳು ಹಾಕಿದರು.

ಓಟದ ದಿನ ಅವರು ಕೊನೆಯ ತಿರುವಿನ ಹಗ್ಗದಾಚೆ ನಿಂತಿದ್ದರು. ಮೊದಲ ಸುತ್ತನ್ನು ಗಂಡನ ಮನೆಗೆ ಹೋಗುವವಳ ಹಾಗೆಯೇ ಮುಗಿಸಿದೆ. ಮುಂದೆ ಐದಾರು ಹುಡುಗಿಯರಿದ್ದರು. ಎರಡನೆಯ ಸುತ್ತಿನಲ್ಲಿ ನನ್ನ ಕಣ್ಣು ಆ ಬಿಳಿ ವಸ್ತ್ರವನ್ನೇ ಹುಡುಕುತ್ತಿತ್ತು. ನಾನು ಹತ್ತಿರವಾದಾಗ ಹಳೆಯ ರೂಢಿಯಂತೆ ಅವರ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಮರುಕ್ಷಣ ಜೇಬಿಗೆ ಕೈ ಹಾಕಿ, ಇದ್ದಷ್ಟೂ ಮಂಡಾಳನ್ನು ಮೇಲಕ್ಕೆ ತೂರಿದರು. ಬಿಸಿಲಲ್ಲಿ ಬೆಳ್ಳಗೆ ಹಾರಿದ್ದು ಕಂಡಿತು. ಮುಂದಿನದು ಸರಿಯಾಗಿ ನೆನಪಿಲ್ಲ. ಒಬ್ಬೊಬ್ಬರೇ ಹಿಂದೆ ಸರಿದರು, ಒಬ್ಬಳು ಮಾತ್ರ ಸಿಗಲಿಲ್ಲ. ಎರಡನೆಯವಳಾಗಿ ಗೆರೆ ದಾಟಿದೆ.

ತಿರುಗಿ ಬಂದಾಗ ಯಾರದೋ ತಾಯಿ ಅವರನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಏನ್ರೀ ಸರ, ಮಕ್ಕಳು ಓಡೋ ದಾರ್ಯಾಗ ಮಂಡಾಳು ಚೆಲ್ಲೀರಲ್ಲ, ಯಾರು ಸತ್ತಾರಂತ?" ಅವರು ಕೈ ಮುಗಿದು ನಗುತ್ತಿದ್ದರು. ನಾನು ಅವರ ತುಟಿಗೆ ಕಿವಿ ಕೊಟ್ಟೆ.

"ಗೊತ್ತಾತಿಲ್ಲೋ?"

"ನೀವು ತೂರಿದ್ರಲ್ಲ ಸರ್, ಅದಕ್ಕಽ ಗೊತ್ತಾತು."

ಅವರು ಅಲ್ಲವೆಂದು ತಲೆಯಾಡಿಸಿದರು. "ನಾ ತೂರಾಕ ಮೊದ್ಲಽ ನೀ ಬಿಟ್ಟಿದ್ದಿ."

ಅದು ನಿಜವೋ, ನನ್ನನ್ನು ಅವರ ಕೂಗಿನಿಂದ ಬಿಡಿಸಲು ಹೇಳಿದ್ದೋ ಇವತ್ತಿಗೂ ತಿಳಿಯದು. ಹಾಸ್ಟೆಲ್ ಸೇರಿದೆ, ಓದಿದೆ. ಸಂಡೂರಿನ ಹೈಸ್ಕೂಲೊಂದರಲ್ಲಿ ನಾನೇ ಡ್ರಿಲ್ ಟೀಚರ್ ಆದೆ. ನನ್ನ ಹುಡುಗಿಯರು ಫೋನಿನಲ್ಲಿ ಯಾರುಯಾರದೋ ತರಬೇತಿಯ ವಿಡಿಯೋ ತೋರಿಸಿ, "ಹಿಂಗ ಮಾಡಿದ್ರ ಜಲ್ದಿ ಸ್ಪೀಡ್ ಬರ್ತೈತಂತ ಮಿಸ್" ಎನ್ನುತ್ತಾರೆ. ನೋಡೋಣ ಎನ್ನುತ್ತೇನೆ. ಮೊದಲು ಕೈ ಚಾಚಿ ಎನ್ನುತ್ತೇನೆ. ತಿರುವಿನಲ್ಲಿ ನಿಂತು ನಾನೂ "ಈಗ" ಎಂದು ಕೂಗುತ್ತೇನೆ. ನನ್ನ ದನಿ ಮೈದಾನದ ಗೋಡೆಯನ್ನೂ ದಾಟುವುದಿಲ್ಲ. ಆ ಗಂಟಲು ಇನ್ನೊಮ್ಮೆ, ಒಂದೇ ಒಂದು ಸಲ ಕೇಳಬೇಕೆಂದು ಜೀವ ಎಷ್ಟು ಹಂಬಲಿಸುತ್ತದೆಂದು ಯಾರಿಗೆ ಹೇಳಲಿ.

ಹೋದ ವರ್ಷ ಸರ್ ತೀರಿಕೊಂಡಾಗ ಅವರ ಮಣ್ಣಿಗೆ ಹೋದೆ. ಹಲಗೆ ಬಡಿಯುವವರ ಸದ್ದು ಮುಂದೆ, ಅವರ ಅಣ್ಣನ ಮಗ ಬುಟ್ಟಿ ಹಿಡಿದು ದಾರಿಯುದ್ದಕ್ಕೂ ಮಂಡಾಳು ಚೆಲ್ಲುತ್ತಿದ್ದ. ಕಾಲುವೆಯ ತಿರುವು ಬಂತು. ಬೆಳ್ಳಗೆ ಗಾಳಿಗೆ ಹಾರಿದ್ದನ್ನು ಕಂಡದ್ದೇ ನನ್ನ ಕಾಲುಗಳು ತಾವಾಗಿಯೇ ಓಟಕ್ಕೆ ಬಿಗಿದುಕೊಂಡವು. ಗದ್ದೆಯಲ್ಲಿದ್ದ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. ಬುಟ್ಟಿಯವನು, "ನೀವೂ ಒಂದು ಹಿಡಿ ಚೆಲ್ರಿ ಅಕ್ಕಾರ" ಎಂದು ನನ್ನ ಮುಂದೆ ಚಾಚಿದ. ತೆಗೆದುಕೊಂಡೆ. ಚೆಲ್ಲಲು ಕೈ ಬರಲಿಲ್ಲ.

ಎಲ್ಲ ಮುಗಿದು, ಜನ ಕಾಲುವೆಗಿಳಿದು ಕೈಕಾಲು ತೊಳೆಯುವಾಗ ಮುಷ್ಟಿ ಬಿಚ್ಚಿದೆ. ಒಂದೂ ಇಡಿಯಾಗಿ ಉಳಿದಿರಲಿಲ್ಲ, ಬರೀ ಹಿಟ್ಟು. ಬೈಸಿಕೊಳ್ಳಲು ಅಲ್ಲೇ ಕೈ ಚಾಚಿಕೊಂಡು ನಿಂತೆ.