ಥಂಡಿ ಹಿಡಿಯದ ಕೇಪು

ಇವತ್ತು ಮಾಡಿದ ಕೆಲಸ: ಪಂಪು ಕೆಟ್ಟು ನಾಲ್ಕು ದಿನವಾದ್ದರಿಂದ ಬಾವಿಯಿಂದ ಎಂಟು ಕೊಡ ನೀರು ಸೇದಿ ಹಂಡೆ ತುಂಬಿಸಿದೆ. ದೋಸೆ ಎರೆದೆ. ಬಸಳೆ ಬುಡಕ್ಕೆ ಬೂದಿ ಹಾಕಿದೆ. ನನ್ನ ಗಂಡನ ಎರಡು ಖಾಕಿ ಅಂಗಿ ಒಗೆದೆ, ಇಸ್ತ್ರಿಗೆ ಕೊಡಬೇಕೋ ಮಡಚಿ ಪೆಟ್ಟಿಗೆಗೆ ಹಾಕಬೇಕೋ ತಿಳಿಯದೆ ಹಗ್ಗದ ಮೇಲೆಯೇ ಬಿಟ್ಟೆ. ಹಪ್ಪಳವನ್ನು ಮೊರದಲ್ಲಿ ಹರಡಿ ಎಳೆ ಬಿಸಿಲಿಗಿಟ್ಟೆ. ಪಕ್ಕದ ಮೊರದಲ್ಲಿ ಕೇಪುಗಳನ್ನು ಹರಡಿದೆ. ಹನ್ನೊಂದು ಗಂಟೆಗೆ ಬಸ್ಸಿನ ಧಣಿಗಳ ಫೋನು ಬಂತು, ಎತ್ತಿ ಮಾತಾಡಿದೆ. ಮಧ್ಯಾಹ್ನದ ಮೇಲೆ ಅಂಗಳದಲ್ಲಿ ಐದು ಸಲ ಕೋವಿ ಹೊಡೆದೆ.

ಕೋವಿ ಎಂದರೆ ದೀಪಾವಳಿಗೆ ಮಕ್ಕಳು ಹೊಡೆಯುವ ಕೇಪಿನ ಕೋವಿ. ನಮ್ಮ ಮನೆಯಲ್ಲಿ ಅಂಥವು ನಲವತ್ಮೂರು ಇವೆ. ಎಲ್ಲ ಇವರು ಕೂಡಿಟ್ಟದ್ದು. ಇವರು ಖಾಸಗಿ ಬಸ್ಸಿನ ಡ್ರೈವರು. ಕುಂದಾಪುರದಿಂದ ಬೈಂದೂರು, ಅಲ್ಲಿಂದ ಕೊಲ್ಲೂರು, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಇಪ್ಪತ್ತೇಳು ವರ್ಷ ಅದೇ ರೂಟು. ಕೊಲ್ಲೂರಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತರೆ ಉಳಿದ ಡ್ರೈವರುಗಳು ಚಾ ಕುಡಿದು ಹಿಂದಿನ ಸೀಟಿನಲ್ಲಿ ಅಡ್ಡ ಬೀಳುತ್ತಾರೆ. ಇವರು ಯಾತ್ರಿಕರ ಅಂಗಡಿಗಳ ಅಟ್ಟ ಹತ್ತುತ್ತಿದ್ದರು, ಬಳೆ ಕುಂಕುಮದ ಡಬ್ಬಿಗಳ ಹಿಂದೆ ಮಾರಾಟವಾಗದೆ ಉಳಿದ ಹಳೆಯ ಕೋವಿ ಏನಾದರೂ ಇದೆಯೇ ಎಂದು.

"ಡ್ರೈವರ್ ಬಂದ್ರ್, ಎಲ್ಲರೂ ಕೈ ಎತ್ತಿ ಮಾರಾಯ್ರೆ!" ಎಂದು ಅಲ್ಲಿನ ಚಾ ಅಂಗಡಿಯವರು ತಮಾಷೆ ಮಾಡುತ್ತಿದ್ದರಂತೆ.

ಮೊದಲನೆಯದು ಇವರಿಗೆ ಸಿಕ್ಕಿದ್ದು ಮುಂಬಯಿಯ ಹೋಟೆಲಿನಲ್ಲಿದ್ದ ಸೋದರಮಾವನಿಂದ. ಬೀಡುಕಬ್ಬಿಣದ್ದು, ಎತ್ತಿದರೆ ಕೈ ಜಗ್ಗುತ್ತದೆ. ಆಮೇಲೆ ಬಂದದ್ದರಲ್ಲಿ ತಗಡಿನವು ಹೆಚ್ಚು. ಬ್ರಹ್ಮಾವರದ ಸಂತೆಯಲ್ಲಿ ಗುಜರಿಯವನ ಗೋಣಿಯಿಂದ ಹೆಕ್ಕಿದ ಒಂದಕ್ಕೆ ಬಡಿಯುವ ಸುತ್ತಿಗೆಯೇ ಇರಲಿಲ್ಲ, ಸೈಕಲ್ಲಿನ ಕಡ್ಡಿ ಬಗ್ಗಿಸಿ ಇವರೇ ಕೂರಿಸಿದರು. ಕೋವಿ ಒರೆಸಿ ಎಣ್ಣೆ ಬಿಡುವುದು ಇವರ ಕೆಲಸ. ಕೇಪು ಕಾಯುವುದು ನನ್ನದು. ಕೇಪಿಗೂ ಹಪ್ಪಳಕ್ಕೂ ಒಂದೇ ಶತ್ರು, ಥಂಡಿ. ಗಾಜಿನ ಭರಣಿಯ ಅಡಿಗೆ ಹುರಿದ ಅಕ್ಕಿಯ ಗಂಟು ಇಟ್ಟು, ಮೇಲೆ ಕಾಗದ ಹಾಸಿ, ಕೇಪಿನ ರೀಲುಗಳನ್ನು ಪೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟರೆ ಮಳೆಗಾಲ ಕಳೆದರೂ ಮೆತ್ತಗಾಗುವುದಿಲ್ಲ. ನಾನು ಇಟ್ಟ ಕೇಪು ಠುಸ್ಸ್ ಎಂದದ್ದು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು.

ಇವರಿಗೆ ಕಿವಿ ಮಂದವಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಒಳಗಿನಿಂದ "ಹ್ವಾಯ್" ಎಂದು ಕರೆದರೆ ಓಗೊಡುವುದು ನಿಂತಿತ್ತು. ಪೇಪರಿನಲ್ಲಿ ಮುಳುಗಿದ್ದಾರೆ ಎಂದುಕೊಂಡೆ. ಟೀವಿಯ ಸ್ವರ ಏರುತ್ತಾ ಹೋಯಿತು. ನಾನೂ ನನಗೆ ತಿಳಿಯದೆ ಎದುರು ನಿಂತು ಮುಖ ನೋಡಿಕೊಂಡೇ ಮಾತಾಡಲು ಶುರುಮಾಡಿದ್ದೆ. ಬಸ್ಸಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಾರಣ, ಇವರ ಜೊತೆ ಹನ್ನೆರಡು ವರ್ಷವಿದ್ದ ಕಂಡಕ್ಟರು ಸೀಟಿ ಊದುವ ಜನವಲ್ಲ. ಬಸ್ಸಿನ ತಗಡಿಗೆ ಅಂಗೈಯಲ್ಲಿ ಬಡಿಯುವವರು. ಒಂದು ಪೆಟ್ಟು ನಿಲ್ಲಲು, ಎರಡು ಪೆಟ್ಟು ಹೊರಡಲು. ಆ ಪೆಟ್ಟು ಸೀಟಿನ ಮೂಲಕ ಇವರ ಬೆನ್ನಿಗೆ ತಾಗುತ್ತಿತ್ತು. ಆ ಕಂಡಕ್ಟರು ಕೆಲಸ ಬಿಟ್ಟು ಊರಲ್ಲಿ ಅಂಗಡಿ ಹಾಕಿದರು. ಹೊಸದಾಗಿ ಬಂದವನು ಸೀಟಿಯವನು.

ಆಸಾಡಿ ತಿಂಗಳ ಮೊದಲ ವಾರ ಇವರು ತಾವಾಗಿಯೇ ಭರಣಿ ಇಳಿಸಿದರು. "ನೀನ್ ಬಾವಿಕಟ್ಟೆ ಹತ್ರ ನಿಲ್ಲ್. ನಾನ್ ತುಳಸಿಕಟ್ಟೆ ಹತ್ರ ಬೆನ್ನ್ ಹಾಕಿ ನಿಲ್ತೆ. ಐದ್ ಹೊಡಿ. ಕೇಂಡ್ರೆ ಕೈ ಎತ್ತುತೆ."

"ಎಂತಕ್ಕೆ ಈ ಮಕ್ಕಳಾಟ?"

"ಆಟ ಅಲ್ಲ ಮಾರಾಯ್ತಿ. ಆ ಹೊಸ ಕಂಡಕ್ಟರ್ ಊದುದ್ ಗಾಳಿಯಾ ಸೀಟಿಯಾ ಕಾಂಬ."

ಮಳೆ ಬಿಟ್ಟ ಹೊತ್ತು. ಪಡುಗಾಳಿ ಬಾವಿಯ ಕಡೆಯಿಂದ ಇವರ ಕಡೆಗೆ ಬೀಸುತ್ತಿತ್ತು. ಮುಂಬಯಿಯ ಕೋವಿಗೆ ರೀಲು ಹಾಕಿ ಐದು ಹೊಡೆದೆ. ಐದೂ ಸಿಡಿಯಿತು. ಮೂರನೆಯದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಇವರ ಕೈ ಮೇಲೆ ಬರಲಿಲ್ಲ. ತಿರುಗಿ ನನ್ನ ಮುಖ ನೋಡಿದರು.

"ಎಂತ, ಎಲ್ಲ ಠುಸ್ಸಾ?"

ಆ ಮುಖ ನೋಡಿ ನನಗೆ ಸತ್ಯ ಹೇಳಲು ಬಾಯಿ ಬರಲಿಲ್ಲ. "ಹ್ಞೂಂ. ಥಂಡಿ ಹಿಡ್ದಿತ್ತ್" ಎಂದೆ.

"ನೀನ್ ಇಟ್ಟ ಕೇಪಿಗಾ?" ಎಂದು ಒಂದು ಸಲ ಕೇಳಿ, ಮತ್ತೆ ಕೇಳದೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ಖಾಕಿ ಹಾಕಿಕೊಂಡು ಡ್ಯೂಟಿಗೆ ಹೊರಟರು.

ಮೂರನೆಯ ದಿನ ಉಪ್ಪುಂದದ ಹತ್ತಿರದ ಒಂದು ಸ್ಟಾಪಿನಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕ ಒಬ್ಬರು ಇಳಿಯುತ್ತಿದ್ದರು. ಜೋರು ಮಳೆ, ಕಿಟಕಿಗೆಲ್ಲ ಟರ್ಪಾಲು ಇಳಿಬಿಟ್ಟಿತ್ತು, ಕನ್ನಡಿ ಮಂಜಾಗಿತ್ತು. ಕಂಡಕ್ಟರು ಇನ್ನೂ ಸೀಟಿ ಊದಿರಲಿಲ್ಲ. ಊದಿರಬೇಕು ಎಂದು ಲೆಕ್ಕ ಹಾಕಿ ಇವರು ಬಸ್ಸು ಬಿಟ್ಟರು. "ಹೋಲ್ಡಾನ್! ಹೋಲ್ಡಾನ್!" ಎಂದು ಇಡೀ ಬಸ್ಸು ಕೂಗಿತಂತೆ. ಆ ಅಕ್ಕನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಒಂದು ಕೆಳಗೆ. ಸೊಂಟದ ಎಲುಬು ಮುರಿಯಿತು. ಕೇಸು ಮುಗಿಯುವವರೆಗೆ ಬಸ್ಸು ಹತ್ತುವುದು ಬೇಡ ಎಂದು ಧಣಿಗಳು ಇವರನ್ನು ಮನೆಯಲ್ಲಿ ಕೂರಿಸಿದರು.

ಕುಂದಾಪುರದ ಆಸ್ಪತ್ರೆಗೆ ನಾನು ಒಬ್ಬಳೇ ಹೋಗಿದ್ದೆ. ತಿಳಿಸಾರು, ಮೆತ್ತಗೆ ಬೇಯಿಸಿದ ಅನ್ನ ಒಯ್ದಿದ್ದೆ. ಡ್ರೈವರ ಹೆಂಡತಿ ಎಂದು ಹೇಳಿಕೊಂಡೆ. ಆ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಡ್ರೈವರ್ರನ್ನ ಬೈಬ್ಯಾಡಿ. ಅವ್ರ್ ಎಂತ ಮಾಡುಕಾತ್ತ್? ಮಳಿಗೆ ನನ್ನ ಕಾಲೇ ಜಾರಿದ್ದ್. ಪೊಲೀಸ್ರಿಗೂ ಹಾಂಗೇ ಹೇಳಿದೆ."

ನಾನು ಟಿಫಿನಿನ ಮುಚ್ಚಳ ತೆಗೆದು ಬಡಿಸಿದೆ. ಹಾಗಲ್ಲ ಅಕ್ಕ ಎಂದು ಹೇಳಲಿಲ್ಲ. ಆಮೇಲೆ ಅವರ ಮನೆಗೂ ನಾಲ್ಕು ಸಲ ಹೋಗಿ ಬಂದೆ. ಮಳೆಗಾಲ ಕಳೆದು ಈಗ ಕೋಲು ಹಿಡಿದು ಜಗಲಿಯವರೆಗೆ ಬರುತ್ತಾರೆ. ಕಾರ್ಖಾನೆಯಲ್ಲಿ ಇಡೀ ದಿನ ಕುಳಿತು ಬೀಜ ಒಡೆಯುವ ಸೊಂಟ ಅದಲ್ಲ ಇನ್ನು. ಪ್ರತಿ ಸಲವೂ ನನಗೆ ಚಾ ಮಾಡಿಸಿಕೊಟ್ಟರು.

ಇವತ್ತು ಧಣಿಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕೇಸೆಲ್ಲ ತಣ್ಣಗಾಯ್ತಮ್ಮ. ಅವ್ರದ್ ತಪ್ಪಿಲ್ಲ ಅಂದೇಳಿ ಆಯ್ತಲ್ಲ. ನಾಡಿದ್ದ್ ಬಪ್ಪುಕೆ ಹೇಳಿ. ಅದೇ ಬಸ್ಸ್, ಅದೇ ರೂಟ್."

ನಾನು ಎದುರು ನಿಂತು ಅದನ್ನು ಇವರಿಗೆ ಹೇಳಿದೆ. ಇವರು ಹಗ್ಗದ ಮೇಲಿನ ಖಾಕಿ ನೋಡಿದರು, ಮೊರದ ಕೇಪು ನೋಡಿದರು. ಮೂರು ದಿನದಿಂದ ನಾನು ಕೇಪನ್ನು ಯಾಕೆ ಬಿಸಿಲಿಗೆ ಕಾಯಿಸುತ್ತಿದ್ದೇನೆಂದು ಕೇಳಿರಲಿಲ್ಲ, ಇವತ್ತೂ ಕೇಳಲಿಲ್ಲ.

"ಒಂದ್ ಸಲ ಕಾಂಬ" ಎಂದರು.

ಅದೇ ಜಾಗ. ಇವರು ತುಳಸಿಕಟ್ಟೆಯ ಹತ್ತಿರ, ರಸ್ತೆಯ ಕಡೆ ಮುಖ. ನಾನು ಬಾವಿಕಟ್ಟೆಯಲ್ಲಿ. ಮೊದಲನೆಯದು ಹೊಡೆದಾಗ ತೆಂಗಿನ ಮರದಿಂದ ಕಾಗೆ ಎದ್ದು ಹಾರಿತು. ಎರಡನೆಯದಕ್ಕೆ ನನ್ನ ಕಿವಿಯೇ ಗುಂಯ್ ಎಂದಿತು. ಐದೂ ಸಿಡಿಯಿತು. ಇವರ ಎರಡೂ ಕೈ ಲುಂಗಿಯ ಪಕ್ಕದಲ್ಲಿ ಜೋತುಬಿದ್ದೇ ಇದ್ದವು. ಒಂದು ಸಲ ಬಲಗೈಯ ಬೆರಳು ಅಲುಗಿದ ಹಾಗೆ ಕಂಡಿತು, ಸೊಳ್ಳೆ ಇರಬೇಕು.

ಇವರು ತಿರುಗಿದರು. "ಥಂಡಿಯಾ?"

ನಾನು ಹತ್ತಿರ ಹೋಗಿ ಕೋವಿಯಿಂದ ಹೊರಬಂದ ಕಾಗದದ ತುಂಡು ಹರಿದು ಕೈಯಲ್ಲಿಟ್ಟೆ. ಅದರ ಮೇಲೆ ಸುಟ್ಟ ಕಪ್ಪು ಬೊಟ್ಟು ಐದು. "ಥಂಡಿ ಅಲ್ಲ. ಐದೂ ಹೊಟ್ಟಿತ್. ಆವತ್ತೂ ಐದೂ ಹೊಟ್ಟಿದ್ದಿತ್. ನಾನ್ ಸುಳ್ಳ್ ಹೇಳಿದ್ದ್."

ಇವರು ಆ ಕಾಗದವನ್ನು ಮೂಗಿನ ಹತ್ತಿರ ಹಿಡಿದರು.

"ಗೊತ್ತಿತ್ತ್" ಎಂದರು. "ಮದ್ದಿನ ವಾಸ್ನಿ ಬಂದಿತ್ತಲ್ದಾ ಆವತ್ತ್. ಗಾಳಿ ಈಚೆ ಬದಿಗೇ ಇದ್ದಿತ್. ಠುಸ್ಸಾದ ಕೇಪಿಗೆ ವಾಸ್ನಿ ಎಲ್ಲಿಂದ?"

ತುಳಸಿಕಟ್ಟೆಯ ಮೇಲೆ ಕೂರಬಾರದೆಂದು ಅಂಗಳದಲ್ಲೇ ಕೂತೆ. ಇಷ್ಟು ದಿನ ಆ ಅಕ್ಕನ ಸೊಂಟ ಮುರಿದದ್ದು ನನ್ನ ಒಂದು ಮಾತಿನಿಂದ ಎಂದು ನಾನು ಒಬ್ಬಳೇ ಹೊತ್ತು ತಿರುಗಿದ್ದೆ. ಇವರೂ ಹೊತ್ತಿದ್ದರು. ಇಬ್ಬರು ಹೊತ್ತಿದ್ದೇವೆಂದು ತಿಳಿದ ಮೇಲೆ ಭಾರ ಇಳಿಯುತ್ತದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

"ನೀನ್ ಥಂಡಿ ಅಂದದ್ದ್ ಕೇಂಡ್ ಒಳ್ಳೇದಾಯ್ತ್ ಅಂದ್ಕಂಡೆ" ಎಂದರು ಇವರು. "ನನ್ನ ಬಾಯಿಂದ ಸುಳ್ಳ್ ಬಪ್ಪುದ್ ತಪ್ಪಿತ್ ಅಂದೇಳಿ."

ಆಮೇಲೆ ಧಣಿಗಳಿಗೆ ಫೋನು ಹಚ್ಚಲು ಹೇಳಿದರು. ನಾನು ಹಚ್ಚಿದೆ. ಇವರು ಎದುರು ಕೂತು ನನ್ನ ತುಟಿ ನೋಡುತ್ತಿದ್ದರು.

"ಅವ್ರ್ ಬತ್ತಿಲ್ಲ. ಕಿವಿ ಕೇಂತಿಲ್ಲ" ಎಂದೆ.

"ಎಂತ? ಯಾವಾಗಿಂದ?"

ನಿನ್ನೆ ಮೊನ್ನೆಯಿಂದ ಎಂದರೆ ಮುಗಿಯುತ್ತಿತ್ತು. ಇವರು ನೋಡುತ್ತಿದ್ದರು. "ಆಸಾಡಿಗೆ ಮುಂಚಿಂದ. ಆ ಅಕ್ಕ ಬೀಳುಕ್ಕಿಂತ ಮುಂಚಿಂದ. ನಮಗೆ ಇಬ್ರಿಗೂ ಗೊತ್ತಿತ್ತ್" ಎಂದೆ.

ಆಚೆ ಕಡೆ ಬಸ್ಸಿನ ಹಾರನ್ನು ಕೇಳಿಸಿತು. ಕೊನೆಗೆ "ಕಾಂಬ. ಇದನ್ನ ಹೀಂಗೇ ಬಿಡುಕಾತಿಲ್ಲ" ಎಂದು ಹೇಳಿ ಇಟ್ಟರು.

ಇವರು ಕೋವಿಗೆ ಎಣ್ಣೆ ಬಿಡಲಿಲ್ಲ. ಹಾಗೇ ಪೆಟ್ಟಿಗೆಗೆ ಹಾಕಿದರು. ಉಳಿದ ಕೇಪನ್ನು ಭರಣಿಗೆ ತುಂಬಿಸಲು ನಾನು ಅಕ್ಕಿಯ ಗಂಟು ಹುಡುಕುತ್ತಿದ್ದರೆ, "ಇನ್ನ್ ಎಂತಕ್ಕೆ?" ಎಂದು ಮೊರವನ್ನೇ ಎತ್ತಿ ನೀರಿನ ಬಕೆಟ್ಟಿಗೆ ಸುರಿದರು. ಕೆಂಪು ಕಾಗದದ ಬಣ್ಣ ಬಿಟ್ಟು ನೀರು ಓಕುಳಿಯ ಹಾಗಾಯಿತು. ಎಂಟು ಕೊಡದಲ್ಲಿ ಒಂದು ಕೊಡ ನೀರು ಅದು.

"ನಾಳೆ ಆ ಅಕ್ಕನ ಮನೆಗೆ ಹೋತೆ" ಎಂದರು. "ಕಾಲ್ ಜಾರಿದ್ದಲ್ಲ ಅಂದೇಳಿ ನಾನೇ ಹೇಳ್ಕ್. ಅವ್ರ್ ಎಷ್ಟ್ ಬೈದ್ರೂ ನಂಗೆ ಕೇಂತಿಲ್ಲ, ಅದೊಂದ್ ಒಳ್ಳೇದ್."

"ನಾನೂ ಬತ್ತೆ" ಎಂದೆ. "ನಂಗೆ ಕೇಂತ್ತ್."

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಧ್ಯಾಹ್ನದ ಬಸಳೆ ಹುಳಿ ಸ್ವಲ್ಪ. ಹಪ್ಪಳ ಸುಟ್ಟೆ, ಚೆನ್ನಾಗಿ ಒಣಗಿತ್ತು. ಇವರು ಎರಡು ತಿಂದರು, ನಾನು ಒಂದು. ಮೊದಲು ನಿದ್ದೆ ಹೋದದ್ದು ಇವರು.